ಗೊಬ್ಬರ ಹಾಕಿದರೂ ಎಲೆ ಹಳದಿಯೇಕೆ? ಬಿ-12 ಕೊರತೆ ಮತ್ತು ಗುಳಿಗೆಯ ಲೆಕ್ಕ

ಕಾಫಿ ಗಿಡದ ಚಿಗುರೆಲೆ ಸಣ್ಣದಾಗಿ, ನರಗಳ ನಡುವೆ ಹಳದಿಯಾಗಿ ಬಂದರೆ ನಮ್ಮ ಬೆಳೆಗಾರ ಬಾಂಧವರು ಅದನ್ನು ಸತುವಿನ ಕೊರತೆಯೆಂದು ಥಟ್ಟನೆ ಗುರುತಿಸುತ್ತಾರೆ. ಹಾಗೆಂದು ಮಣ್ಣಿನಲ್ಲಿ ಸತು ಇಲ್ಲವೇ ಇಲ್ಲ ಎಂದರ್ಥವಲ್ಲ. ಇದ್ದರೂ ಬೇರಿಗೆ ದಕ್ಕದಂತೆ ಮಣ್ಣು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಇಲ್ಲವೇ ಬೇರೇ ಕೆಟ್ಟಿರಬಹುದು. ಆದ್ದರಿಂದಲೇ ನಾವು ಬುಡವನ್ನು ಬಿಟ್ಟು ಎಲೆಗೆ ಸತುವಿನ ಸಲ್ಫೇಟ್ ಸಿಂಪಡಿಸುತ್ತೇವೆ. ಹಾಕಿದ್ದೆಷ್ಟು ಎಂಬುದಕ್ಕಿಂತ ಗಿಡಕ್ಕೆ ದಕ್ಕಿದ್ದೆಷ್ಟು ಎಂಬುದೇ ಮುಖ್ಯ ಎನ್ನುವುದು ತೋಟ ಮಾಡುವವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಆದರೆ ಇದೇ ಮಾತನ್ನು ನಾವು ನಮ್ಮ ಶರೀರದ ವಿಷಯದಲ್ಲಿ ಮರೆತುಬಿಡುತ್ತೇವೆ. ಸುಸ್ತು ಎಂದರೆ ಅಂಗಡಿಯಿಂದ ಒಂದು ಶಕ್ತಿಯ ಗುಳಿಗೆ ತಂದು ನುಂಗುತ್ತೇವೆ. ಅದು ದಕ್ಕಿತೋ ಇಲ್ಲವೋ ನೋಡುವುದಿಲ್ಲ. ಹಾಗೆ ಮರೆತವರಲ್ಲಿ ನಾನೂ ಒಬ್ಬ. ಅದರ ಬೆಲೆ ತೆತ್ತವರು ಮಾತ್ರ ನಮ್ಮ ದೊಡ್ಡಪ್ಪ.

ದೊಡ್ಡಪ್ಪನ ಕಾಲು

ನಮ್ಮ ದೊಡ್ಡಪ್ಪ ಎಪ್ಪತ್ತೊಂದರ ವಯಸ್ಸಿನಲ್ಲೂ ಬೆಳಿಗ್ಗೆ ಒಂದು ಸುತ್ತು ಅಡಿಕೆ ತೋಟ ನೋಡದೆ ಕಾಫಿ ಕುಡಿದವರಲ್ಲ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಇಲ್ಲ. ಮನೆಯಲ್ಲಿ ಹಾಲು, ಮೊಸರು ಯಥೇಚ್ಛ. ಮೊದಲು ಅವರು ಹೇಳಿದ್ದು ಸುಸ್ತು ಎಂದು. ಆಮೇಲೆ ನಾಲಿಗೆ ಉರಿ. ಕವಳ ಹಾಕುವವರಾದ್ದರಿಂದ ಸುಣ್ಣ ಹೆಚ್ಚಾಗಿರಬೇಕು ಎಂದು ಮನೆಯವರೆಲ್ಲ ತೀರ್ಮಾನಿಸಿದೆವು. ನಾನು ಪೇಟೆಗೆ ಹೋದಾಗ ಔಷಧಿ ಅಂಗಡಿಯಲ್ಲಿ ಕೇಳಿ, ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುವ ಗುಳಿಗೆ ತಂದುಕೊಟ್ಟೆ. ಮುಖಕ್ಕೆ ಸ್ವಲ್ಪ ಕಳೆ ಬಂತು. ಗುಣವಾಯಿತೆಂದು ಸಮಾಧಾನಪಟ್ಟು ಅದನ್ನೇ ಎರಡು ವರ್ಷ ಮುಂದುವರಿಸಿದೆವು.

ಅಷ್ಟರಲ್ಲಿ ಕಾಲು ಜೋಮು ಹಿಡಿಯತೊಡಗಿತು. ಒಂದು ದಿನ, "ಚಪ್ಪಲಿ ಕಾಲಲ್ಲಿ ಉಂಟೋ ಇಲ್ಲವೋ ಗೊತ್ತೇ ಆಗುವುದಿಲ್ಲ ಮಾರಾಯ" ಎಂದರು. "ವಯಸ್ಸಾಯಿತಲ್ಲ ದೊಡ್ಡಪ್ಪ, ನೀವು ತೋಟಕ್ಕೆ ಇಳಿಯುವುದು ಸಾಕು" ಎಂದು ನಾನು ಹೇಳಿದೆ. ಹಗಲಿನಲ್ಲಿ ಹೇಗೋ ನಡೆಯುತ್ತಿದ್ದರು, ಕತ್ತಲಾದರೆ ಗೋಡೆ ಹಿಡಿಯುತ್ತಿದ್ದರು. ಕೊನೆಗೆ ನಲವತ್ತು ವರ್ಷ ಕಣ್ಣು ಮುಚ್ಚಿ ದಾಟಿದ್ದ ತೋಟದ ಸಂಕದ ಮೇಲಿಂದ ಹಳ್ಳಕ್ಕೆ ಬಿದ್ದರು. ಮೂಳೆ ಮುರಿಯಲಿಲ್ಲ. ಆದರೆ ಪರೀಕ್ಷಿಸಿದ ವೈದ್ಯರು ಕಾಲ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ, "ಕಣ್ಣು ಮುಚ್ಚಿಕೊಂಡು ಹೇಳಿ, ಬೆರಳು ಯಾವ ಕಡೆಗಿದೆ?" ಎಂದು ಕೇಳಿದಾಗ ದೊಡ್ಡಪ್ಪನಿಗೆ ಹೇಳಲಾಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ಬಿ-12 ಜೀವಸತ್ವ ತಳ ಕಂಡಿತ್ತು. ಮುಂದಿನ ಪರೀಕ್ಷೆಗಳಲ್ಲಿ ಕಾರಣವೂ ತಿಳಿಯಿತು. ಅವರ ಜಠರದ ಒಳಪದರ ಸವೆದುಹೋಗಿದ್ದು, ತಿಂದ ಆಹಾರದಲ್ಲಿದ್ದ ಬಿ-12 ಶರೀರಕ್ಕೆ ಹತ್ತುತ್ತಲೇ ಇರಲಿಲ್ಲ.

ಬಿ-12 ಎಲ್ಲಿಂದ ಬರುತ್ತದೆ?

ಈ ಜೀವಸತ್ವವನ್ನು ಗಿಡಮರಗಳು ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಅದರ ನಡುವೆ ಕೋಬಾಲ್ಟ್ ಎಂಬ ಲೋಹದ ಒಂದು ಕಣ ಇರುತ್ತದೆ. ಹಸು ಮೇಯುವ ಹುಲ್ಲಿನಲ್ಲಿರುವ ಅತ್ಯಲ್ಪ ಕೋಬಾಲ್ಟನ್ನು ಬಳಸಿ, ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿ-12 ತಯಾರಿಸುತ್ತವೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಕೆಲವು ಹುಲ್ಲುಗಾವಲುಗಳಲ್ಲಿ ದನಕುರಿಗಳು ಹುಲ್ಲು ಸಮೃದ್ಧವಾಗಿದ್ದರೂ ಸೊರಗಿ ಸಾಯುತ್ತಿದ್ದುದು ಮಣ್ಣಿನಲ್ಲಿ ಕೋಬಾಲ್ಟ್ ಸಾಲದ್ದರಿಂದ ಎಂಬುದು 1930ರ ದಶಕದಲ್ಲಿ ತಿಳಿಯಿತು.

ನಮಗೆ ಇದು ದೊರೆಯುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇವುಗಳಿಂದ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಆಧಾರ. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 2 ಮೈಕ್ರೋಗ್ರಾಂ ಬಿ-12 ಇರುತ್ತದೆ. ಕಾಯಿಸಿದಾಗ ಅದರಲ್ಲೂ ಸ್ವಲ್ಪ ನಷ್ಟ. ದಿನಕ್ಕೆ ನಮಗೆ ಬೇಕಾಗುವುದು 2ರಿಂದ 2.5 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಒಬ್ಬ ಮನುಷ್ಯನಿಗೆ ಇಡೀ ವರ್ಷಕ್ಕೆ ಬೇಕಾಗುವ ಬಿ-12 ಒಟ್ಟುಗೂಡಿಸಿದರೂ ಒಂದು ಮಿಲಿಗ್ರಾಂ ಆಗುವುದಿಲ್ಲ! ನೀರು ಮಜ್ಜಿಗೆ ಒಂದು ಲೋಟ ಕುಡಿದು, ಉಳಿದ ಹಾಲನ್ನೆಲ್ಲ ಡೇರಿಗೆ ಹಾಕುವ ಮನೆಗಳಲ್ಲಿ ಈ ಅಲ್ಪ ಪ್ರಮಾಣವೂ ಸಿಗದಿರಬಹುದು. ಸಮುದ್ರದ ಪಾಚಿ, ಸ್ಪಿರುಲಿನಾ ಮುಂತಾದವುಗಳಲ್ಲಿ ಬಿ-12 ಇದೆಯೆಂದು ಮಾರುವುದುಂಟು. ಸ್ಪಿರುಲಿನಾದಲ್ಲಿರುವುದು ಬಹುಪಾಲು ಅದನ್ನೇ ಹೋಲುವ, ಆದರೆ ನಮ್ಮ ಶರೀರಕ್ಕೆ ಉಪಯೋಗಕ್ಕೆ ಬಾರದ ವಸ್ತು.

ಜಠರದಿಂದ ರಕ್ತದವರೆಗಿನ ದಾರಿ

ಆಹಾರದಲ್ಲಿ ಬಿ-12 ಸಸಾರಜನಕಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದು ಜಠರದ ಆಮ್ಲ. ಹೀಗೆ ಬಿಡುಗಡೆಯಾದ ಬಿ-12ಕ್ಕೆ ಒಬ್ಬ ಸಂಗಾತಿ ಬೇಕು. ಜಠರದ ಗೋಡೆಯೇ ಸ್ರವಿಸುವ ಈ ಸಸಾರಜನಕಕ್ಕೆ ವೈದ್ಯರು ಇಂಟ್ರಿನ್ಸಿಕ್ ಫ್ಯಾಕ್ಟರ್ ಎನ್ನುತ್ತಾರೆ. ಇವೆರಡೂ ಜೊತೆಗೂಡಿ ಸಣ್ಣ ಕರುಳಿನ ಕೊನೆಯ ಭಾಗ ತಲುಪಿದಾಗ ಮಾತ್ರ ಅಲ್ಲಿನ ಬಾಗಿಲು ತೆರೆಯುತ್ತದೆ. ಈ ಬಾಗಿಲಿನಿಂದ ಒಂದು ಹೊತ್ತಿಗೆ ಒಳಗೆ ಹೋಗುವುದು ಹೆಚ್ಚೆಂದರೆ 1.5ರಿಂದ 2 ಮೈಕ್ರೋಗ್ರಾಂ.

ಈ ದಾರಿ ಎಲ್ಲೆಲ್ಲಿ ಕಡಿದುಹೋಗಬಹುದು?

ವಯಸ್ಸಾದಂತೆ ಕೆಲವರಲ್ಲಿ ಜಠರದ ಆಮ್ಲ ಕಡಿಮೆಯಾಗುತ್ತದೆ. ಹುಳಿತೇಗು, ಎದೆಯುರಿಗೆಂದು ಒಮೆಪ್ರಜೋಲ್‌ನಂತಹ ಆಮ್ಲ ತಗ್ಗಿಸುವ ಔಷಧಿಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಹೀಗೆಯೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕರುಳಿನ ಹೀರುವಿಕೆಯೇ ಕುಗ್ಗಬಹುದು. ಇವರ ಕಾಲಿನ ಜೋಮನ್ನು ಸಕ್ಕರೆ ಕಾಯಿಲೆಯದ್ದೇ ಎಂದು ತಿಳಿದು ಸುಮ್ಮನಾಗುವ ಅಪಾಯವೂ ಇದೆ. ಇನ್ನು ಕೆಲವರಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಜಠರದ ಗೋಡೆಯ ಮೇಲೆ ದಾಳಿ ಮಾಡಿ, ಸಂಗಾತಿ ಸಸಾರಜನಕವೇ ಇಲ್ಲದಂತೆ ಮಾಡುತ್ತದೆ. ಮಾರಕ ರಕ್ತಹೀನತೆ ಎಂದು ಹಿಂದಿನಿಂದ ಕರೆಯುತ್ತ ಬಂದಿರುವುದು ಇದನ್ನೇ. ದೊಡ್ಡಪ್ಪನಿಗೆ ಆದದ್ದೂ ಇದೇ. ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೋ ಸಣ್ಣ ಕರುಳಿನ ಕೊನೆಯನ್ನೋ ತೆಗೆಸಿಕೊಂಡವರು, ಕರುಳಿನ ಕ್ಷಯವಾದವರು, ನಮ್ಮ ದಕ್ಷಿಣ ಭಾರತದಲ್ಲಿ ಹಿಂದೆ ಬಹಳವಾಗಿ ಕಂಡುಬರುತ್ತಿದ್ದ ಸ್ಪ್ರೂ ಎಂಬ ದೀರ್ಘ ಭೇದಿಯ ರೋಗಿಗಳು, ಇವರೂ ಈ ಸಾಲಿಗೇ ಸೇರುತ್ತಾರೆ.

ಕೊರತೆ ಕೂಡಲೇ ಕಾಣಿಸುವುದಿಲ್ಲ. ಪಿತ್ತಜನಕಾಂಗದಲ್ಲಿ ಹಲವು ವರ್ಷಗಳಿಗೆ ಆಗುವಷ್ಟು ದಾಸ್ತಾನು ಇರುತ್ತದೆ. ಉಗ್ರಾಣ ತುಂಬಿರುವವರೆಗೆ ಆದಾಯ ನಿಂತದ್ದು ಮನೆಯ ಯಜಮಾನನಿಗೂ ತಿಳಿಯುವುದಿಲ್ಲ.

ಯಕೃತ್ತಿನ ಪಥ್ಯದಿಂದ ಗುಳಿಗೆಯವರೆಗೆ

ಒಂದು ಕಾಲದಲ್ಲಿ ಈ ರೋಗಕ್ಕೆ ಮದ್ದೇ ಇರಲಿಲ್ಲ; ಹೆಸರಿನಲ್ಲಿರುವ 'ಮಾರಕ' ಎಂಬ ಮಾತು ಆಗಿನದು. 1926ರಲ್ಲಿ ಅಮೆರಿಕದ ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು 45 ರೋಗಿಗಳಿಗೆ ದಿನವೂ ಹೇರಳವಾಗಿ ಪ್ರಾಣಿಯ ಯಕೃತ್ತನ್ನು ತಿನ್ನಿಸಿ ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ನಾಯಿಗಳ ಮೇಲೆ ಮೊದಲು ಪ್ರಯೋಗ ಮಾಡಿದ್ದ ವಿಪ್ಪಲ್ ಅವರೊಂದಿಗೆ ಇವರಿಗೆ 1934ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ ಕಾಲದಲ್ಲಿ ಕ್ಯಾಸಲ್ ಎಂಬ ವೈದ್ಯರು ತಮ್ಮ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಇರಿಸಿಕೊಂಡ ಮಾಂಸವನ್ನು ಹೊರತೆಗೆದು ರೋಗಿಗಳಿಗೆ ಕೊಟ್ಟು, ಆರೋಗ್ಯವಂತರ ಜಠರದಲ್ಲಿ ಇರುವ ಯಾವುದೋ ಒಂದು ಅಂಶ ಈ ರೋಗಿಗಳಲ್ಲಿ ಇಲ್ಲವೆಂದು ತೋರಿಸಿದರು. ಕೇಳಲು ಹೇಸಿಗೆಯಾದರೂ ಸಂಗಾತಿ ಸಸಾರಜನಕದ ಸುಳಿವು ಸಿಕ್ಕಿದ್ದು ಹಾಗೆ. 1948ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಬಿ-12ನ್ನು ಕೆಂಪು ಹರಳುಗಳ ರೂಪದಲ್ಲಿ ಬೇರ್ಪಡಿಸಲಾಯಿತು. ಅದರ ರಚನೆಯನ್ನು ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್ ಅವರಿಗೂ 1964ರಲ್ಲಿ ನೊಬೆಲ್ ದೊರೆಯಿತು.

ಹರಳು ಸಿಕ್ಕಿದ ಮೇಲೆ ಚುಚ್ಚುಮದ್ದೇ ರೂಢಿಯಾಯಿತು. ಕರುಳು ಹೀರುವುದಿಲ್ಲವೆಂದ ಮೇಲೆ ಬಾಯಿಯಿಂದ ಕೊಟ್ಟು ಫಲವೇನು ಎಂಬ ವಾದ ಸರಿಯಾಗಿಯೇ ಕಾಣುತ್ತಿತ್ತು. ಎಲೆಗೆ ಸಿಂಪಡಿಸುವ ನಮ್ಮ ಪದ್ಧತಿಯ ಹಾಗೆಯೇ ಇದೂ ಬೇರನ್ನು ತಪ್ಪಿಸಿ ಹೋಗುವ ದಾರಿ.

ಆದರೆ ಇಲ್ಲೊಂದು ವಿಶೇಷವಿದೆ. ಬಾಗಿಲು ಪೂರ್ತಿ ಮುಚ್ಚಿದ್ದರೂ ನುಂಗಿದ ಬಿ-12ರಲ್ಲಿ ನೂರಕ್ಕೆ ಒಂದು ಪಾಲಿನಷ್ಟು, ಯಾವ ಸಂಗಾತಿಯ ನೆರವೂ ಇಲ್ಲದೆ, ಕರುಳಿನ ಗೋಡೆಯಿಂದ ತಾನಾಗಿ ಜಿನುಗಿ ರಕ್ತ ಸೇರುತ್ತದೆ. ಈ ಒಂದು ಪಾಲನ್ನು ಹಿಡಿದು ಲೆಕ್ಕ ಹಾಕಿ ನೋಡಿ.

ಸಾಮಾನ್ಯ ಶಕ್ತಿಯ ಗುಳಿಗೆಯಲ್ಲಿ 5 ಮೈಕ್ರೋಗ್ರಾಂ ಇದ್ದರೆ ಜಿನುಗುವುದು 0.05 ಮೈಕ್ರೋಗ್ರಾಂ. ದಿನದ ಅಗತ್ಯದ ಒಂದು ಮೂಲೆಗೂ ಸಾಲದು.

1000 ಮೈಕ್ರೋಗ್ರಾಂ ಗುಳಿಗೆಯಾದರೆ ಜಿನುಗುವುದು ಸುಮಾರು 10 ಮೈಕ್ರೋಗ್ರಾಂ. ದಿನದ ಅಗತ್ಯದ ನಾಲ್ಕೈದು ಪಟ್ಟು.

ಇಡೀ ವಿಷಯದ ಗುಟ್ಟು ಇಷ್ಟೇ. ಗುಳಿಗೆ ಕೆಲಸ ಮಾಡುತ್ತದೆಯೇ ಎಂಬುದಲ್ಲ ಪ್ರಶ್ನೆ. ಎಷ್ಟು ಶಕ್ತಿಯ ಗುಳಿಗೆ, ಪ್ರತಿದಿನ ತಪ್ಪದೆ ಹೊಟ್ಟೆ ಸೇರುತ್ತದೆಯೇ ಎಂಬುದು ಪ್ರಶ್ನೆ. ಸ್ವೀಡನ್ ದೇಶದಲ್ಲಿ ಈ ಲೆಕ್ಕವನ್ನೇ ನಂಬಿ ಹಲವು ದಶಕಗಳಿಂದ ದೊಡ್ಡ ಪ್ರಮಾಣದ ಗುಳಿಗೆಗಳನ್ನು ಬಳಸುತ್ತ ಬಂದಿದ್ದಾರೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಕೆಲವು ರೋಗಿಗಳಿಗೆ ದಿನಕ್ಕೆ 2000 ಮೈಕ್ರೋಗ್ರಾಂ ಗುಳಿಗೆ, ಉಳಿದವರಿಗೆ ಚುಚ್ಚುಮದ್ದು ಕೊಟ್ಟು ನೋಡಿದರು. ನಾಲ್ಕು ತಿಂಗಳ ಕೊನೆಗೆ ಗುಳಿಗೆ ನುಂಗಿದವರ ರಕ್ತದಲ್ಲಿ ಬಿ-12 ಚುಚ್ಚುಮದ್ದಿನವರಿಗಿಂತ ಸುಮಾರು ಮೂರು ಪಟ್ಟು ಇತ್ತು. 2018ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂತಹ ಮೂರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ರಕ್ತದ ಮಟ್ಟವನ್ನು ಸರಿಪಡಿಸುವಲ್ಲಿ ಎರಡೂ ಸರಿಸಮವೆಂದು ಕಂಡರು. ಆದರೆ ಮೂರರಲ್ಲೂ ಸೇರಿ ರೋಗಿಗಳು 153 ಮಂದಿ ಮಾತ್ರ. ಆಧಾರ ಇನ್ನೂ ಗಟ್ಟಿಯಾಗಬೇಕು ಎಂದೂ ಅವರೇ ಹೇಳಿದ್ದಾರೆ. ಬ್ರಿಟನ್ನಿನ 2024ರ ಮಾರ್ಗಸೂಚಿಯು ಶರೀರವೇ ತನ್ನ ಜಠರದ ಮೇಲೆ ದಾಳಿ ಮಾಡುವ ರೋಗಿಗಳಿಗೆ ಮತ್ತು ಜಠರ ಪೂರ್ತಿ ತೆಗೆದವರಿಗೆ ಜೀವನಪರ್ಯಂತ ಚುಚ್ಚುಮದ್ದನ್ನೇ ಹೇಳುತ್ತದೆ. ತಜ್ಞರಲ್ಲೇ ಎರಡು ಅಭಿಪ್ರಾಯ ಇರುವುದರಿಂದ ಇದು ನಾವು ನಾವೇ ತೀರ್ಮಾನಿಸುವ ವಿಷಯವಲ್ಲ. ವೈದ್ಯರೊಡನೆ ಕುಳಿತು ಮಾತಾಡಬೇಕಾದ ವಿಷಯ.

ಒಂದು ಎಚ್ಚರಿಕೆ: ಫೋಲಿಕ್ ಆಮ್ಲ

ನಾನು ಮಾಡಿದ ತಪ್ಪನ್ನು ಇಲ್ಲಿ ಬಿಡಿಸಿ ಹೇಳಬೇಕು. ಫೋಲಿಕ್ ಆಮ್ಲವೂ ರಕ್ತ ತಯಾರಾಗಲು ಬೇಕಾದ ಒಂದು ಜೀವಸತ್ವ. ನಮ್ಮ ಭೀಮವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮೇಲ್ವಿಚಾರಣೆಯಲ್ಲಿ ಅಮೆರಿಕದ ತಂಡವೊಂದು 1940ರ ದಶಕದ ಮಧ್ಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿತು. ಆಗ ಮಾರಕ ರಕ್ತಹೀನತೆಯ ರೋಗಿಗಳಿಗೂ ಅದನ್ನು ಕೊಟ್ಟು ನೋಡಿದರು. ರಕ್ತವೇನೋ ಸುಧಾರಿಸಿತು, ಆದರೆ ನರಗಳ ರೋಗ ಮುಂದುವರಿಯಿತು. ರಕ್ತ ಪರೀಕ್ಷೆ ಚೆನ್ನಾಗಿ ಕಾಣುತ್ತಿರುವಾಗಲೇ ಒಳಗೆ ಬೆನ್ನುಹುರಿ ಕೆಡುತ್ತಿರುತ್ತದೆ. ನಮ್ಮ ಮನೆಯಲ್ಲಿ ಎರಡು ವರ್ಷ ನಡೆದದ್ದು ಇದೇ. ದೊಡ್ಡಪ್ಪನ ಮುಖದ ಕಳೆ ನೋಡಿ ನಾವು ಮೋಸ ಹೋದೆವು. ಫೋಲಿಕ್ ಆಮ್ಲ ಕೆಟ್ಟದ್ದಲ್ಲ, ಗರ್ಭಿಣಿಯರಿಗೆ ಅತ್ಯಗತ್ಯ. ಆದರೆ ಬಿ-12 ಎಷ್ಟಿದೆಯೆಂದು ತಿಳಿಯದೆ, ವಯಸ್ಸಾದವರ ಸುಸ್ತಿಗೆ ಅದೊಂದನ್ನೇ ಕೊಡುತ್ತ ಹೋಗುವುದು ಸರಿಯಲ್ಲ.

ಚುಚ್ಚುಮದ್ದು ಯಾರಿಗೆ, ಗುಳಿಗೆ ಯಾರಿಗೆ?

ಕಾಲು ಜೋಮು, ನಡಿಗೆಯಲ್ಲಿ ತೂರಾಟ, ಮರೆವು, ಮಂಕು ಮುಂತಾಗಿ ನರಗಳ ಲಕ್ಷಣ ಇದ್ದರೆ, ಅಥವಾ ರಕ್ತಹೀನತೆ ತೀವ್ರವಾಗಿದ್ದರೆ, ಮೊದಲು ಚುಚ್ಚುಮದ್ದೇ ಸರಿ. ಅಲ್ಲಿ ಗುಳಿಗೆಯ ಪರೀಕ್ಷೆ ಮಾಡುತ್ತ ಕಾಲ ಕಳೆಯುವಂತಿಲ್ಲ. ದೊಡ್ಡಪ್ಪನಿಗೂ ಮೊದಲ ವಾರಗಳಲ್ಲಿ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಕೊಟ್ಟರು.

ಬೇಸಿಗೆಯಲ್ಲಿ ಎಲ್ಲ ಸರಿಯಾಗಿ ನಡೆಯಿತು. ಆಷಾಢದ ಮಳೆ ಹಿಡಿದ ಮೇಲೆ ಕಷ್ಟ ಆರಂಭವಾಯಿತು. ಹಳ್ಳ ತುಂಬಿ ದಾರಿ ಮುಚ್ಚಿದರೆ ಹತ್ತು ಹನ್ನೆರಡು ಮೈಲಿಯ ಆಚೆ ಹೋಗಿ ಸೂಜಿ ಹಾಕಿಸಿಕೊಂಡು ಬರುವುದು ಎಪ್ಪತ್ತು ದಾಟಿದವರಿಗೆ ಆಗುವ ಮಾತಲ್ಲ. ಒಂದು ತಿಂಗಳು ತಪ್ಪಿತು, ಎರಡನೆಯದೂ ತಪ್ಪಿತು. ಇದನ್ನು ಹೇಳಿದಾಗ ವೈದ್ಯರು ಬೈಯಲಿಲ್ಲ. ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ, ದಿನಕ್ಕೆ 2000 ಮೈಕ್ರೋಗ್ರಾಂ ಗುಳಿಗೆಗೆ ಬದಲಾಯಿಸಿದರು. ಮೂರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿ ಮಟ್ಟ ನಿಂತಿದೆಯೆಂದು ಖಾತ್ರಿ ಮಾಡಿಕೊಂಡರು. "ಸೂಜಿಯಾಗಲಿ ಗುಳಿಗೆಯಾಗಲಿ, ನಿಲ್ಲಿಸುವ ಹಾಗಿಲ್ಲ. ಜಠರ ಮತ್ತೆ ಬೆಳೆಯುವುದಿಲ್ಲ" ಎಂದು ಅವರು ಹೇಳಿದ ಮಾತನ್ನು ನಮ್ಮ ದೊಡ್ಡಮ್ಮ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಬೆಳಗಿನ ತೋಟದ ಸುತ್ತು ಈಗ ಅಂಗಳದ ಸುತ್ತಾಗಿದೆ. ಅದು ಮುಗಿದು ಕಾಫಿಗೆ ಕುಳಿತಾಗ ಗುಳಿಗೆ ಎದುರಿಗೆ ಇರುತ್ತದೆ.

ಆಮ್ಲ ಕಡಿಮೆಯಾದ್ದರಿಂದ ಮಾತ್ರ ಕೊರತೆ ಆದವರಿಗೆ ಗುಳಿಗೆ ಇನ್ನೂ ಸುಲಭ. ಗುಳಿಗೆಯಲ್ಲಿರುವ ಬಿ-12 ಸಸಾರಜನಕಕ್ಕೆ ಅಂಟಿಕೊಂಡಿಲ್ಲವಾದ್ದರಿಂದ ಅದನ್ನು ಬಿಡಿಸಲು ಆಮ್ಲವೇ ಬೇಕಿಲ್ಲ. ಆಹಾರದಲ್ಲೇ ಸಾಲದೆ ಕೊರತೆ ಆದ ಸಸ್ಯಾಹಾರಿಗಳಿಗೂ ಗುಳಿಗೆ ಚೆನ್ನಾಗಿ ಹತ್ತುತ್ತದೆ.

ಸದಸ್ಯರು ನೆನಪಿಡಬೇಕಾದ ಅಂಶಗಳು

1. ಸುಸ್ತು, ನಾಲಿಗೆ ಉರಿ ಅಥವಾ ನುಣುಪು, ಕಾಲು ಜೋಮು, ಕತ್ತಲಲ್ಲಿ ತೂರಾಟ ಇವನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಕವಳ ಹಾಕುವವರ ಬಾಯುರಿಗೆ ಬೇರೆ ಗಂಭೀರ ಕಾರಣಗಳೂ ಇರಬಹುದು, ಬಾಯಿಯನ್ನೂ ತೋರಿಸಿ.

2. ಗುಳಿಗೆ ಆರಂಭಿಸುವ ಮೊದಲೇ ರಕ್ತದ ಬಿ-12 ಪರೀಕ್ಷೆ ಮಾಡಿಸಿ. ನಾಲ್ಕು ದಿನ ಗುಳಿಗೆ ನುಂಗಿ ಹೋದರೆ ಪರೀಕ್ಷೆ ಸುಳ್ಳು ಹೇಳಬಹುದು. ಆದರೆ ನರಗಳ ಲಕ್ಷಣ ಇದ್ದರೆ ವರದಿಗಾಗಿ ಚಿಕಿತ್ಸೆ ತಡೆಯುವುದು ಬೇಡ.

3. ಗುಳಿಗೆ ಪಟ್ಟಿಯ ಹಿಂಬದಿ ಓದಿ. ಎಂ.ಸಿ.ಜಿ. ಎಂದರೆ ಮೈಕ್ರೋಗ್ರಾಂ, ಎಂ.ಜಿ. ಎಂದರೆ ಮಿಲಿಗ್ರಾಂ. 1000 ಮೈಕ್ರೋಗ್ರಾಂ ಸೇರಿದರೆ 1 ಮಿಲಿಗ್ರಾಂ. ಸಂಯುಕ್ತ ಗುಳಿಗೆಯಲ್ಲಿ ಹತ್ತಾರು ಜೀವಸತ್ವಗಳ ಹೆಸರಿದ್ದು ಬಿ-12 ಮಾತ್ರ ಎರಡೋ ಐದೋ ಮೈಕ್ರೋಗ್ರಾಂ ಇರುವುದು ಸಾಮಾನ್ಯ.

4. ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಔಷಧಿಯನ್ನು ಬಹುಕಾಲದಿಂದ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಬಾರದು. ಬಿ-12 ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು.

5. ಚಿಕಿತ್ಸೆ ಆರಂಭವಾದ ಒಂದು ವಾರದೊಳಗೆ ಹೊಸ ರಕ್ತಕಣಗಳು ಹುಟ್ಟತೊಡಗುತ್ತವೆ, ಎರಡು ತಿಂಗಳ ಸುಮಾರಿಗೆ ರಕ್ತ ಸರಿಹೋಗುತ್ತದೆ. ನರಗಳಿಗೆ ತಿಂಗಳುಗಳೇ ಬೇಕು. ಬಹಳ ಹಳೆಯದಾದ ಹಾನಿ ಪೂರ್ತಿ ಹಿಂದಿರುಗದು.

6. ಜೊತೆಗೆ ಕಬ್ಬಿಣದ ಗುಳಿಗೆಯನ್ನೂ ಕೊಟ್ಟಿದ್ದರೆ ಅದನ್ನು ಕಾಫಿ, ಚಹಾದೊಂದಿಗೆ ನುಂಗಬೇಡಿ, ಕಬ್ಬಿಣ ಹತ್ತುವುದಿಲ್ಲ. ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆದದ್ದಕ್ಕೆ ಕ್ಷಮೆಯಿರಲಿ; ಒಂದೆರಡು ಗಂಟೆ ಬಿಟ್ಟು ಕುಡಿದರೆ ಬೆಳೆಗೂ ನಷ್ಟವಿಲ್ಲ, ರಕ್ತಕ್ಕೂ ನಷ್ಟವಿಲ್ಲ. ಬಿ-12 ಗುಳಿಗೆಗೆ ಈ ನಿರ್ಬಂಧವಿಲ್ಲ.

ದೊಡ್ಡಪ್ಪ ಈಗ ಹೇಗಿದ್ದಾರೆಂದು ಕೇಳುವಿರಾದರೆ, ನಾಲಿಗೆ ಉರಿ ಒಂದು ತಿಂಗಳಲ್ಲೇ ಹೋಯಿತು. ಸುಸ್ತು ಹೋಯಿತು, ಊಟ ಸೇರುತ್ತದೆ. ಕಾಲಿನ ಜೋಮು ಮೊಣಕಾಲಿನಿಂದ ಪಾದಕ್ಕೆ ಇಳಿದು ಅಲ್ಲಿಯೇ ನಿಂತಿದೆ. ಸುಗ್ಗಿಯಲ್ಲಿ ಅಂಗಳದಲ್ಲಿ ಕುಳಿತು ಅಡಿಕೆ ಆರಿಸುತ್ತಾರೆ, ಸುಲಿಯುವವರ ಲೆಕ್ಕ ಬರೆಯುತ್ತಾರೆ. ಆದರೆ ಕೈಯಲ್ಲಿ ಕೋಲಿಲ್ಲದೆ ಮೆಟ್ಟಿಲಿಳಿಯಲಾರರು; ತೋಟದ ಸಂಕ ದಾಟುವುದನ್ನು ಬಿಟ್ಟೇ ಬಿಟ್ಟಿದ್ದಾರೆ. ಎರಡು ವರ್ಷ ಮೊದಲೇ ಬಂದಿದ್ದರೆ ಕೋಲು ಬೇಕಾಗುತ್ತಿರಲಿಲ್ಲವೇನೋ ಎಂದು ವೈದ್ಯರು ಹೇಳಿದರು. ದೊಡ್ಡಪ್ಪ ಈ ಮಾತನ್ನು ನನ್ನ ಎದುರು ಒಮ್ಮೆಯೂ ಎತ್ತಿಲ್ಲ.

ನಿಮ್ಮ ಮನೆಯಲ್ಲೂ ಕಾಲು ಜೋಮು ಎನ್ನುವ ಹಿರಿಯರು ಇರಬಹುದು. ಮುಂದಿನ ಸಲ ಅಡಿಕೆ ಮೂಟೆ ಇಳಿಸಲು ಪೇಟೆಗೆ ಬರುವಾಗ ಅವರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಂದು ರಕ್ತ ಪರೀಕ್ಷೆ ಮಾಡಿಸಿರಿ.

ಸಂಘದ ಓರ್ವ ಸದಸ್ಯ